ಗೊಗ್ಗಯ್ಯನ ಬಾಯಿ

ಇರುವೆ, ಮತ್ತೆ ಇರುವೆ, ಎಡಗೈ ತೋರುಬೆರಳಿನ ಗೆಣ್ಣು ಹತ್ತಿ ಆ ಕಡೆ ಇಳಿಯುತ್ತಿದೆ, ಒಂದೇ ಒಂದು, ಆರು ಕಾಲೂ ಬೇರೆ ಬೇರೆಯಾಗಿ ಚರ್ಮಕ್ಕೆ ಗೊತ್ತಾಗುವಷ್ಟು ಸದ್ದಿಲ್ಲ ಈ ಕೋಣೆಯಲ್ಲಿ — ಉಫ್, ಊದಿದೆ, ಹೋಯಿತು, ಹಾಳಾಗಿ ಹೋಗಲಿ — ಎಫ್ ಕೀಲಿ ಮೇಲಿನ ಗುಬುಟು ಇಲ್ಲಿದೆ, ಜೆ ಮೇಲಿನದು ಇಲ್ಲಿದೆ, ಎರಡರ ಮೇಲೂ ಅವ್ವ ನಿನ್ನೆ ಆಯುಧಪೂಜೆಗೆ ಇಟ್ಟ ಕುಂಕುಮ ಒಣಗಿ ತರಿತರಿ, ಒಂದು ಕೀಲಿ ಒತ್ತಿದೆ, ಏನೂ ಇಲ್ಲ, ಇನ್ನೊಂದು ಒತ್ತಿದೆ, ಏನೂ ಇಲ್ಲ, ಹತ್ತೂ ಬೆರಳು ಸೇರಿಸಿ ಗುದ್ದಿದೆ, ಪ್ಲಾಸ್ಟಿಕ್ಕಿನ ಕಟಕಟ ಬಿಟ್ಟರೆ ಏನೂ ಇಲ್ಲ, ಮೊನ್ನೆ ಇದೇ ಕೀಲಿ ಒತ್ತಿದರೆ ಯಂತ್ರ ತನ್ನ ನೆಗಡಿ ದನಿಯಲ್ಲಿ ಅಕ್ಷರದ ಹೆಸರು ಹೇಳುತ್ತಿತ್ತು, ಹುಟ್ಟುಕುರುಡನಿಗೆ ಅದೇ ಅಕ್ಷರ, ಅದೇ ಪರದೆ, ಈಗ ಯಂತ್ರ ನಡೆಸೋ ತಂತ್ರಾಂಶ, ಲಿನಕ್ಸ್, ಹೊಸದು ಬಂದಿದೆ ನೋಡಿ, ಹೊಸ ರಿಲೀಸು, ಬೆಳಿಗ್ಗೆ ಆರಕ್ಕೆ ಶುರು, ಮಧ್ಯಾಹ್ನ ಒಂದಕ್ಕೆ ಶುಭಂ, ಶುಭಂ ಆದಮೇಲೆ ಗೊತ್ತಾಯಿತು ಇದು ಮೂಕಿ ಸಿನಿಮಾ ಅಂತ, ಹಾಸ್ಟೆಲಿನ ಕಾಲದ ಗೆಳೆಯ ತಿಪ್ಪೇಶಿ ಮಾಡಿದ್ದು, ನಿನ್ನೆ ಸಂಜೆ ಜಗಳೂರಿಂದ ಬಸ್ಸು ಬದಲಿಸಿ ಬದಲಿಸಿ ನ್ಯಾಮತಿಗೆ ಬಂದಿಳಿದು ಇವತ್ತು ಮಾಡಿಕೊಟ್ಟು ಹೋದದ್ದು, ಹೋದ, ಈಗಷ್ಟೇ, ಗೇಟಿನ ಚಿಲಕ ಹಾಕಿದ ಸದ್ದು ಇನ್ನೂ ಕಿವಿಯಲ್ಲಿದೆ, ಸಿಟ್ಟು ಬಂದವನು ಚಿಲಕ ಬಡಿಯಬೇಕು, ಇವನು ಮಗು ಮಲಗಿದ ಮನೆಯಿಂದ ಹೊರಡುವವನ ಹಾಗೆ ಮೆತ್ತಗೆ ಹಾಕಿ ಹೋದ, ಅದಕ್ಕೇ ನನಗೆ ಇನ್ನಷ್ಟು ಉರಿ.

ಉರಿಯದೆ ಏನು, ಮೂರು ತಿಂಗಳಿಂದ ಇದೇ ರಗಳೆ, ಯಂತ್ರ ಹಚ್ಚಿದ ಕೂಡಲೇ ಗೊಗ್ಗಯ್ಯ — ಒಳಗೆ ಕೂತು ಪರದೆ ಮೇಲಿನದನ್ನೆಲ್ಲ ಓದುವ ಆ ದನಿಗೆ ನಾನೇ ಇಟ್ಟ ಹೆಸರು, ಚಿಕ್ಕ ಮಕ್ಕಳನ್ನು ಹೆದರಿಸುವ ಗೊಗ್ಗಯ್ಯ ಮಾತಾಡಿದರೆ ಹೀಗೇ ಮಾತಾಡಿಯಾನು ಅಂತ — ಗೊಗ್ಗಯ್ಯ ಮೊದಲು ಹೇಳುವ ಮಾತೇ ಹೊಸ, ಆವೃತ್ತಿ, ಲಭ್ಯ, ವಿದೆ, ಬೇಡ ಅಂದರೆ ನಾಳೆ ಬೆಳಿಗ್ಗೆ ಮತ್ತೆ ಹೊಸ, ಆವೃತ್ತಿ, ಸಂತೆಯಲ್ಲಿ ಸೆರಗು ಹಿಡಿದು ಎಳೆಯುವ ಬಳೆಗಾರನಂಗೆ ಬಿಡಲೇ ಇಲ್ಲ, ಹಳೆಯದಕ್ಕೆ ಇನ್ನು ಬೆಂಬಲ ಇಲ್ಲವಂತೆ, ಹಳೆಯದಾದ ಯಾವುದಕ್ಕೆ ಯಾರ ಬೆಂಬಲ ಇದೆ ಈ ದೇಶದಲ್ಲಿ, ನಾನೂ ಸುಮ್ಮನಿರುತ್ತಿದ್ದೆ, ಆದರೆ ಶಾಲೆಯ ಅಂಕ ತುಂಬುವ ಪೋರ್ಟಲ್ಲು ಹಳೆಯ ಬ್ರೌಸರಿಗೆ ಬಾಗಿಲು ತೆಗೆಯಲ್ಲ ಅಂತು, ಹೊನ್ನಾಳಿ ಆಚೆಯ ನನ್ನ ಹೈಸ್ಕೂಲಿನ ಹೆಡ್ಮಾಸ್ತರು ಜಯಪ್ಪನವರು, ನಶ್ಯ ಸೇದಿ — ಸ್ರ್‌ರ್ — ಶರಣಪ್ಪ ಮೇಷ್ಟ್ರೇ, ಸಮಾಜವಿಜ್ಞಾನ ಒಂದೇ ಬಾಕಿ ಐತೆ, ಏನ್ರೀ, ದಸರಾ ರಜ ಮುಗಿಯಾದ್ರೊಳಗೆ ಹಾಕ್ಬಿಡ್ರಿ, ಏನ್ರೀ, ಆಗಲಿಲ್ಲ ಅಂದ್ರೆ ಇನ್ನೊಬ್ರ ಕೈಲಿ ಹಾಕಿಸ್ತೀನಿ, ಏನ್ರೀ — ಏನ್ರೀ ಏನ್ರೀ ಅಂತ ಅವರದೇ ದನಿಯಲ್ಲಿ ಸ್ಟಾಫ್ ರೂಮಿನಲ್ಲಿ ನಾನು ಮಿಮಿಕ್ರಿ ಹೊಡೆದಾಗ ಅವರು ಹಿಂದೆಯೇ ನಿಂತಿದ್ದರು, ನಶ್ಯದ ವಾಸನೆಯಿಂದ ಗೊತ್ತಾಯಿತು, ಇರಲಿ, ಇನ್ನೊಬ್ರ ಕೈಲಿ ಹಾಕಿಸ್ತೀನಿ ಅಂದದ್ದೇ ನನಗೆ ಚುಚ್ಚಿದ್ದು, ಆರು ವರ್ಷ ಆಯಿತು ಇನ್ನೊಬ್ಬರ ಕೈಯಿಲ್ಲದೆ, ಇನ್ನೊಬ್ಬರ ಬಾಯಿಲ್ಲದೆ ಬದುಕೋದು ಕಲಿತು, ಮತ್ತೆ ಬ್ಯಾಂಕಿನ ಕಾಗದ ಹಿಡಿದು ಪಕ್ಕದ ಮನೆಯವರ ಮುಂದೆ ನಿಲ್ಲಬೇಕಾ, ಸ್ವಲ್ಪ ಓದ್ರೀ ಅಂತ, ಅವರು ತಮಗೆ ಬೇಕಾದ್ದು ಜೋರಾಗಿ, ಬೇಡದ್ದು ಮನಸ್ಸಿನಲ್ಲೇ ಓದಿಕೊಂಡು, ಅಂಥದ್ದೇನಿಲ್ಲ ಬಿಡಪ್ಪ ಅಂದು ಮಡಚಿ ಕೊಡುತ್ತಿದ್ದರಲ್ಲ, ಆ ಅಂಥದ್ದೇನಿಲ್ಲದ ಒಳಗೆ ಏನೇನಿತ್ತೋ, ಥೂ, ಅದಕ್ಕೇ ತಿಪ್ಪೇಶಿಗೆ ಫೋನು ಮಾಡಿದೆ, ಬಾರಪ್ಪ ಬಂದು ಈ ಹೊಸ ಆವೃತ್ತಿ ಹಾಕಿಕೊಡು ಇಲ್ಲದಿದ್ರೆ ನನಗೇ ನಿವೃತ್ತಿ ಅಂತ, ನಕ್ಕ, ಬರ್ತೀನಿ ಅಂದ, ಬಂದ, ಹಾಕಿದ, ಹೊಸ ಕರ್ನಲ್ಲಂತೆ, ಲಿನಕ್ಸಿನ ತಿರುಳಂತೆ, ಕರ್ನಲ್ ಬಂತು ಕರ್ಣಕ್ಕೆ ಮಾತ್ರ ಏನೂ ಬರಲಿಲ್ಲ, ಸಾಲು ಸಾಲಾಗಿ ಸುಡೋ ಸುಡೋ ಅಂತ ಟೈಪು ಮಾಡುತ್ತಿದ್ದ, ಅದು ಯಂತ್ರಕ್ಕೆ ಹುಕುಂ ಕೊಡೋ ಮಾತಂತೆ, ಸುಡೋ ಅಂದಮೇಲೆ ಸುಡೋದೇ, ಸುಟ್ಟ.

ಇರುವೆ, ಮಣಿಕಟ್ಟಿನ ಮೇಲೆ ಎರಡು, ಈ ಮನೆಯಲ್ಲಿ ಸಿಹಿ ಮಾಡಿದರೆ ಸಾಕು, ಹೋಳಿಗೆ ಡಬ್ಬಿ ತಂದು ಇದೇ ಮೇಜಿನ ಮೇಲೆ ಇಟ್ಟಿದಾಳೆ ಅವ್ವ, ತಿಪ್ಪೇಶಿಗೆ ಬುತ್ತಿ ಕಟ್ಟಿದ್ದು, ಕಂಪ್ಯೂಟರಿನ ಪಕ್ಕ ತಿನ್ನೋದು ಇಡಬೇಡ ಅಂತ ಎಷ್ಟು ಸಲ ಹೇಳಿಲ್ಲ, ಅವಳಿಗೆ ಕಂಪ್ಯೂಟರು ಅನ್ನೋದೇ ಮನಸ್ಸಿಗೆ ಹತ್ತಿಲ್ಲ, ಅವಳಿಗೆ ಇದು ಗೊಗ್ಗಯ್ಯ, ನಮ್ಮ ಹುಡುಗನ ಜೊತೆ ಮಾತಾಡೋ ಜೀವ, ಮೊದಮೊದಲು ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಅಯ್ಯೋ ಶರಣು ಇದಕ್ಕೆ ಥಂಡಿ ಆಗೈತೇನೋ, ಮಾತು ಮೂಗಿನಾಗೆ ಬರ್ತಾವೆ, ಎಲ್ಲಿಂದ ಮಾತಾಡ್ತೈತೋ ಇದು — ನಾನು ಸುಮ್ಮನೆ ಇರೋ ಪೈಕಿಯಾ, ಅವಳ ಬೆರಳು ಹಿಡಿದು ಯಂತ್ರದ ಹಿಂಭಾಗಕ್ಕೆ ಒಯ್ದು, ಸ್ಪೀಕರಿನ ವೈರು ಕಿತ್ತು, ಕಡಲೆಕಾಳು ತೂರದಷ್ಟು ಸಣ್ಣ ತೂತಿನ ಮೇಲೆ ಇಟ್ಟು, ಇಗೋ ಅವ್ವ ಇದೇ ಗೊಗ್ಗಯ್ಯನ ಬಾಯಿ ಅಂದೆ, ವೈರು ಕಿತ್ತಿದ್ದಕ್ಕೆ ಅದು ಸುಮ್ಮನಾಯಿತು, ಸಿಗಿಸಿದೆ, ಗೊಗ್ಗಯ್ಯನ ದನಿಯಲ್ಲಿ ನಾನೇ ಅವ್ವನ ಹೆಸರು ಹಿಡಿದು, ಚೌ, ಡಮ್ಮ, ಊಟ, ಆ, ಯಿತಾ, ಅಂದೆ, ಹೌಹಾರಿ ಎರಡು ಹೆಜ್ಜೆ ಹಿಂದೆ ಹೋದಳು, ಆಮೇಲೆ ನಕ್ಕು ನಕ್ಕು ಕೆಮ್ಮು ಬಂತು, ಪಾಪ, ಇಷ್ಟು ದೊಡ್ಡ ಮೈಗೆ ಇಷ್ಟೇ ಇಷ್ಟು ಬಾಯಿ ಕೊಟ್ಟಾನಲ್ಲೋ ಮಾಡಿದವನು ಅಂದಳು, ನಿನ್ನೆ ಪೂಜೆಗೆ ಹೊಲಿಗೆ ಮಿಷನ್ನು, ಕುಡುಗೋಲು, ಮಿಕ್ಸಿ, ಇಳಿಗೆಮಣೆ, ನನ್ನ ಬಿಳಿಕೋಲು, ಗೊಗ್ಗಯ್ಯ, ಎಲ್ಲವನ್ನೂ ಒರೆಸಿ ಸಾಲಾಗಿ ಕೂರಿಸಿ ಕುಂಕುಮ ಇಟ್ಟು, ಒಂದನ್ನೂ ಮುಟ್ಟಬ್ಯಾಡ್ರಪ್ಪ ಇವತ್ತು ಅವಕ್ಕೆ ರಜ ಅಂದಳು, ಸಂಜೆ ಬಂದ ತಿಪ್ಪೇಶಿಗೂ ಅದೇ ಕಟ್ಟಪ್ಪಣೆ, ಅದಕ್ಕೇ ಬೆಳಗ್ಗೆ ಆರಕ್ಕೆ ಶುರು ಮಾಡಿದ್ದು, ನಾನು ಬಚ್ಚಲಲ್ಲಿ ತಲೆ ಮೇಲೆ ನೀರು ಹೊಯ್ದುಕೊಳ್ಳುವಾಗ, ಅಡಿಗೆಮನೆಯಲ್ಲಿ ಮಿಕ್ಸಿ ಗರ್‌ರ್ ಅನ್ನುವಾಗ, ಅವನೊಬ್ಬನೇ ಕಾಯಿ ಒಡೆದು ಯಂತ್ರ ಹಚ್ಚಿದ.

ಹೊರಬಂದು ತಲೆ ಒರೆಸಿಕೊಳ್ಳುತ್ತಾ ಕೇಳಿದೆ, ಏನಪ್ಪಾ ಗೊಗ್ಗಯ್ಯ ಏನಂತಾನೆ, ಅಂದರೆ ತಿಪ್ಪೇಶಿ, ಅವನ ಬಾಯಿ ಬಂದ್ ಮಾಡೀನಿ, ಅಪ್‌ಗ್ರೇಡ್ ಆಗೋವಾಗ ಒಂದೊಂದು ಸಾಲೂ ಓದ್ಕಂಡು ಕುಂತ್ರೆ ನನಗೆ ತಲೆ ಚಿಟ್ಟು ಹಿಡೀತೈತೆ, ಮುಗಿದ ಮ್ಯಾಲೆ ಮತ್ತೆ ಹಚ್ತೀನಿ ಅಂದ — ಹೀಗೆ ಸಲೀಸಾಗಿ ಅನ್ನಲಿಲ್ಲ, ತಿಪ್ಪೇಶಿಗೆ ಮಾತು ತಡೆಯುತ್ತೆ, ಮಾತಿನ ಮೊದಲನೇ ಅಕ್ಷರದ ಹತ್ತಿರ ರೈಲ್ವೇ ಗೇಟು ಬಿದ್ದಂಗೆ ನಿಂತುಬಿಡುತ್ತೆ, ಆ ಕಡೆ ಮಾತು ಕಾಯುತ್ತಿರುತ್ತೆ ಈ ಕಡೆ ನಾವು, ಆದರೆ ಆ ತಡೆಯನ್ನ ನಾನು ತಲೆಯೊಳಗೂ ಅನುಕರಿಸೋದಿಲ್ಲ, ಚನ್ನಗಿರಿ ಹಾಸ್ಟೆಲಿನ ಕಾಲದಿಂದ ತಿಪ್ಪೇಶಿ ಮಾತನ್ನ ಸಾಫ್ ಮಾಡಿಯೇ ಕೇಳಿಸಿಕೊಂಡವನು ನಾನು — ಮಿಮಿಕ್ರಿಯಲ್ಲಿ ಪ್ರಿನ್ಸಿಪಾಲರನ್ನ ಹೊಡೀತಿದ್ದೆ, ವಾರ್ಡನ್ನನ್ನ ಹೊಡೀತಿದ್ದೆ, ಅನ್ನದ ಡಬರಿ ಎಳೆಯುವ ಸದ್ದು ಸಮೇತ ಅಡಿಗೆ ಶಂಕರಮ್ಮನನ್ನ ಹೊಡೀತಿದ್ದೆ, ಹುಡುಗರು ಬಿದ್ದು ಬಿದ್ದು ನಗುತ್ತಾ ಲೇ ಶರಣು ತಿಪ್ಪೇಶಿದೊಂದು ಹೊಡಿಯೋ, ಒಂದೇ ಒಂದ್ಸಲ, ಅವ್ನಿಲ್ಲ ಇಲ್ಲಿ ಹೊಡಿ ಅಂದರು, ನಾನು ತಿಪ್ಪೇಶಿ ಹೊಡೆದೆ, ಪುಸ್ತಕ ಓದುವ ತಿಪ್ಪೇಶಿಯನ್ನ, ಯಾಕೆಂದರೆ ಓದುವಾಗ ಅವನಿಗೆ ಗೇಟೇ ಇಲ್ಲ, ಇನ್ನೊಬ್ಬರು ಬರೆದದ್ದಾದರೆ ಭದ್ರೆ ಕಾಲುವೆಗೆ ನೀರು ಬಿಟ್ಟಂಗೆ ಓದುತ್ತಾನೆ, ತನ್ನ ಮಾತು ಬಂದರೆ ಮಾತ್ರ — ಹುಡುಗರಿಗೆ ಮಜಾ ಬರಲಿಲ್ಲ, ಥೂ ಇದೇನಲೇ ಅಂದು ಎದ್ದು ಹೋದರು, ಬಾಗಿಲ ಹೊರಗೆ ತಿಪ್ಪೇಶಿ ನಿಂತಿದ್ದ, ಅವನ ಚಪ್ಪಲಿಯ ಒಂದು ಪಟ್ಟಿ ಕಿತ್ತು ಪಟಪಟ ಅನ್ನುತ್ತಿತ್ತಲ್ಲ, ಕೇಳಿಸಿತು, ಒಳಗೆ ಬಂದು ಕೂತು ಪುಸ್ತಕ ತೆಗೆದ, ಅವತ್ತು ನನಗೆ ಎರಡು ಪಾಠ ಜಾಸ್ತಿ ಓದಿದ.

ಎಷ್ಟು ಓದಿದ, ನನಗಿಂತ ಒಂದು ವರ್ಷ ಕೆಳಗೆ, ಕಾಮರ್ಸಿನವನು, ಊರು ಜಗಳೂರು ಕಡೆಯ ಸೊಕ್ಕೆ, ಸೊಕ್ಕೆಯವನಾಗಿ ಸೊಕ್ಕು ಮಾತ್ರ ಕಾಳಷ್ಟೂ ತರಲಿಲ್ಲ ಅಂತ ರೇಗಿಸುತ್ತಿದ್ದೆ, ತನಗೆ ಸಂಬಂಧವೇ ಇಲ್ಲದ ಮೊಗಲರನ್ನ ಮರಾಠರನ್ನ ನನಗೋಸ್ಕರ ಓದಿದ, ನನ್ನ ಕ್ಲಾಸಿನ ಅಂಬಿಕಾ ಕೊಟ್ಟ ಚೀಟಿ ಕೂಡ ಅವನ ಬಾಯಿಂದಲೇ ಕೇಳಬೇಕಾಯಿತು, ಪ್ರೀತಿಯ ಶರಣು, ನೀವು ನಿನ್ನೆ ಲೈಬ್ರರಿ ಹತ್ತಿರ ನನ್ನ ದನಿ ಅನುಕರಿಸಿದ್ದು ಕೇಳಿಸಿತು, ಅಂತ, ಒಂದು ಕೆಮ್ಮಿಲ್ಲ ಒಂದು ನಗುವಿಲ್ಲ, ಭೂಗೋಳದ ಪಾಠ ಓದಿದಂಗೆ ಓದಿ ಮಡಚಿ ನನ್ನ ಜೇಬಿಗೇ ಇಟ್ಟ, ಇವತ್ತಿಗೂ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ಪರೀಕ್ಷೆಯಲ್ಲಿ ನಾನು ಹೇಳೋದು ಅವನು ಬರೆಯೋದು, ಪಕ್ಕದಲ್ಲಿ ಮೇಲ್ವಿಚಾರಕರು, ನಾನು ಅಲ್ಪವಿರಾಮ ಪೂರ್ಣವಿರಾಮ ಎಲ್ಲ ಹೇಳಿ ಬರೆಸುವವನು, ಪ್ಲಾಸಿ ಕದನ ಹದಿನೇಳುನೂರ ಅರವತ್ತೊಂದು ಪೂರ್ಣವಿರಾಮ ಅಂದೆ, ಪೆನ್ನು ನಿಂತಿತು, ಒಂದು ಉಸಿರಿನಷ್ಟು ಹೊತ್ತು ನಿಂತಿತು, ಆಮೇಲೆ ಕರಕರ ಬರೆಯಿತು, ಹೊರಗೆ ಬಂದಮೇಲೆ ಹೊಳೆಯಿತು, ಐವತ್ತೇಳಲ್ವೇನೋ, ಹೂಂ ಅಂದ, ಗೊತ್ತಿತ್ತಾ, ಗೊತ್ತಿತ್ತು, ಮತ್ತೆ ಯಾಕೋ ಬರೆದೆ ಅರವತ್ತೊಂದು, ಅದಕ್ಕೆ ಅವನು, ತುಂಬಾ ಹೊತ್ತು ಗೇಟಿನ ಆ ಕಡೆ ನಿಂತು, ನೀನು ಹೇಳಿದ್ದನ್ನ ಹೇಳಿದಂಗೆ ಬರಿಯಾಕೆ ಕುಂತವನು ನಾನು, ನಿನ್ನ ತಪ್ಪು ತಿದ್ದಾಕೆ ಅಲ್ಲ, ಅಂದ, ಅವತ್ತು ಬೈದೆ, ನಾಲ್ಕು ಮಾರ್ಕು ಹೋಯಿತು, ಆದರೆ ಆಮೇಲೆ ಯಾವತ್ತೂ ನನ್ನ ಉತ್ತರಪತ್ರಿಕೆ ನನ್ನದಾ ಅವನದಾ ಅಂತ ನನಗೇ ಅನುಮಾನ ಬರಲಿಲ್ಲ, ನನಗೆ ಕೆಲಸ ಸಿಕ್ಕಿದ ಮೇಲೆ ಈ ಹಳೇ ಯಂತ್ರ ತಂದು ಲಿನಕ್ಸ್ ಹಾಕಿ, ಜಗಳೂರಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನಲ್ಲ, ಒಳಗೆ ಗೊಗ್ಗಯ್ಯನನ್ನ ಕೂರಿಸಿ, ಇನ್ನು ಮ್ಯಾಲೆ ನಾನು ಬ್ಯಾಡ ನಿನಗೆ ಅಂದ, ತನ್ನ ಜಾಗಕ್ಕೆ ತಾನೇ ಯಂತ್ರ ಕೂರಿಸಿ ಹೋದ, ಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ತಿಂಗಳಿಗೊಮ್ಮೆ, ಈ ವರ್ಷ ಯುಗಾದಿಗೆ ಮಾಡಿದ್ದು ಬಿಟ್ಟರೆ ಈಗಲೇ, ಅದೂ ಯಂತ್ರಕ್ಕೆ ಹೊಸ ಆವೃತ್ತಿ ಬೇಕಾದಾಗ — ಇರಲಿ, ಯಾರು ಮಾಡುತ್ತಾರೆ ಸುಮ್ಮಸುಮ್ಮನೆ ಫೋನು, ಅವನೂ ಮಾಡಬಹುದಿತ್ತು, ಅವನಿಗೆ ಫೋನಿನಲ್ಲಿ ಮಾತು ಇನ್ನೂ ಕಷ್ಟ ಅನ್ನೋದು ಬೇರೆ, ಇರಲಿ.

ಬೆಳಗಿನಿಂದ ಪಕ್ಕದಲ್ಲೇ ಕೂತಿದ್ದೆ, ನನ್ನ ಫೋನಿನ ನೆಟ್ಟಿನಿಂದಲೇ ಇಳಿಸಿಕೊಂಡಿದ್ದು, ನಡುನಡುವೆ ಅದು ಪ್ರಶ್ನೆ ಕೇಳುವುದು ಇವನು ನನ್ನನ್ನು ಕೇಳುವುದು, ಹಳೇ ಸೆಟ್ಟಿಂಗೇ ಇರಲೋ ಹೊಸದು ಹಾಕಲೋ, ಹೊಸದೇ ಹಾಕಪ್ಪ, ಬಳಕೆಯಲ್ಲಿಲ್ಲದ ನಲವತ್ತಮೂರು ಪ್ಯಾಕೇಜು ಐತೆ ತೆಗೀಲಾ, ತೆಗಿ ತೆಗಿ, ಬಳಸದೆ ಇದ್ದದ್ದು ಇದ್ದೇನು ಮಾಡುತ್ತೆ ಅಂದೆ ನಾನು, ನಾನೇ ಅಂದದ್ದು, ಅವನು ಸ್ವಲ್ಪ ಹೊತ್ತು ಕೀಲಿ ಒತ್ತಲಿಲ್ಲ, ಆಮೇಲೆ ಒತ್ತಿದ, ಒಂದು ಗ್ಯಾಸ್ ಸಿಲಿಂಡರು ಖಾಲಿ ಆಗುವಷ್ಟು ಹೊತ್ತು ಫ್ಯಾನು ಬುಸುಗುಟ್ಟಿತು, ಮುಗೀತು ಅಂದ, ರೀಸ್ಟಾರ್ಟ್ ಮಾಡಿದ, ಈಗ ನೋಡು ನಿನ್ನ ಗೊಗ್ಗಯ್ಯ ಎದ್ದ ಅಂದ, ಏಳಲಿಲ್ಲ, ಮತ್ತೆ ಒತ್ತಿದ, ಇಲ್ಲ, ಸೆಟ್ಟಿಂಗಿಗೆ ಹೋದ, ವಾಲ್ಯೂಮು ಪೂರ್ತಿ ಐತೆ, ಸ್ಪೀಕರ್ ಲೈಟು ಉರೀತಾ ಐತೆ, ವೈರು ಹಾಕೈತೆ, ಇನ್ನೊಮ್ಮೆ ರೀಸ್ಟಾರ್ಟು, ಇಲ್ಲ, ಒಂದು ಗಂಟೆಯಿಂದ ಮೂರೂವರೆಯವರೆಗೆ, ಊಟವನ್ನೂ ತಣ್ಣಗಾಗಲು ಬಿಟ್ಟು, ಇಲ್ಲ ಇಲ್ಲ ಇಲ್ಲ, ಆ ನಲವತ್ತಮೂರರಲ್ಲಿ ಗೊಗ್ಗಯ್ಯನನ್ನೂ ಎತ್ತಿ ಬಿಸಾಕಿದೀಯ ಅಂದೆ, ಇಲ್ಲ ಮಾರಾಯ ಅಂದ, ಬೆಳಿಗ್ಗೆ ಬಾಯಿ ಬಂದ್ ಮಾಡಿದವನು ನೀನೇ ತಾನೇ, ಹೌದು, ಮತ್ತೆ ತೆಗೀತಿಲ್ಲ ಯಾಕೆ, ತೆಗೆದೀನಿ, ಮತ್ತೆ ಮಾತಾಡ್ತಿಲ್ಲ ಯಾಕೆ, ಆಗ ಅವನು, ಗೇಟು ಬಿದ್ದು, ಎದ್ದು, ಮತ್ತೆ ಬಿದ್ದು, ಅದು ಮಾತಾಡ್ತಾ ಐತೆ ಶರಣು, ಪರದೆ ಮ್ಯಾಲೆ ದನಿಯ ಗೆರೆ ಕುಣೀತಾ ಐತೆ, ಅದು ಮಾತಾಡ್ತಾನೇ ಐತೆ, ನಿನಗೆ ಕೇಳಿಸ್ತಿಲ್ಲ ಅಷ್ಟೆ, ಅಂದ, ನನಗೆ ಕೇಳಿಸ್ತಿಲ್ಲ, ನನಗೆ, ಇಡೀ ನ್ಯಾಮತಿಯಲ್ಲಿ ಬಸ್ಸಿನ ಗೇರು ಕೇಳಿ ಡ್ರೈವರ್ ಯಾರು ಅಂತ ಹೇಳುವವನಿಗೆ, ಕುರುಡನಿಗೆ ಕಿವುಡ ಅಂತ ಬೇರೆ ಬಿರುದು, ಆಗ ಬಂತು ನೋಡಿ ಬಾಯಿಗೆ, ನಾನು ಕರೆಯಲಿಲ್ಲ ಅದು ತಾನೇ ಬಂತು, ಹನ್ನೆರಡು ವರ್ಷ ನಾಲಿಗೆ ಕೆಳಗೆ ಒತ್ತಿಟ್ಟಿದ್ದು, ಹಾಸ್ಟೆಲಿನವರೆಲ್ಲ ಗೋಗರೆದರೂ ತೆಗೆಯದೆ ಇದ್ದದ್ದು, ತಿಪ್ಪೇಶಿಯ ಗೇಟು, ಅವನ ಗಂಟಲು, ಅವನ ಉಸಿರು ಎಳೆದುಕೊಳ್ಳುವ ರೀತಿ, ಎಲ್ಲ ಸಮೇತ ಅವನ ಮುಖಕ್ಕೇ ಹೊಡೆದೆ, ಆ ಮಾತು — ಬೇಡ, ಆ ಮಾತನ್ನು ಮತ್ತೆ ನಾಲಿಗೆಗೆ ತರೋದು ಬೇಡ — ಎಷ್ಟು ಚೆನ್ನಾಗಿ ಬಂತು ಅಂದರೆ ನನಗೇ ಒಂದು ಕ್ಷಣ ಖುಷಿ ಆಯಿತು, ನನ್ನ ಜೀವಮಾನದಲ್ಲೇ ಅಷ್ಟು ಪಕ್ಕಾ ಯಾರನ್ನೂ ಹೊಡೆದಿಲ್ಲ.

ಅವನು ಬೈಯಬೇಕಿತ್ತು, ಬೈದಿದ್ದರೆ ನಾನೂ ಬೈದು ಸಂಜೆಗೆ ಬನ್ನಿ ಕೊಟ್ಟು ತಬ್ಬಿಕೊಂಡು ಮುಗಿಸಬಹುದಿತ್ತು, ಕುರ್ಚಿ ಸ್ವಲ್ಪ ಎಳೆದುಕೊಂಡ, ಟೈಪು ಮಾಡಿದ, ಎರಡು ಮೂರು ನಿಮಿಷ, ಅವಸರವಿಲ್ಲದೆ, ಪರೀಕ್ಷೆಯಲ್ಲಿ ಬರೆದಂಗೆ, ಇನ್ನೂ ಏನು ಕೆದಕುತ್ತೀಯೋ ಬಿಡೋ ಕೈ ಅಂತ ಕೂಗಿದೆ, ಕಡೆಯ ಕೀಲಿ ಒತ್ತಿ ಎದ್ದ, ಚೀಲದ ಜಿಪ್ಪು, ಪಡಸಾಲೆಯಲ್ಲಿ ಎಂಟು ಹೆಜ್ಜೆ, ಗೇಟು, ಚಿಲಕ, ಮೆತ್ತಗೆ — ಹೋಗಲಿ, ಹೊನ್ನಾಳಿ ಮೇಲೆ ಹೋಗುವ ಬಸ್ಸು ನಾಲ್ಕೂ ಮುಕ್ಕಾಲಿಗಿದೆ, ಹತ್ತಿ ಹೋಗಲಿ, ನನ್ನ ಗೊಗ್ಗಯ್ಯನ ಬಾಯಿ ಮುಚ್ಚಿಸಿ ತನ್ನ ಕೈ ತೊಳಕೊಂಡು ಹೋಗಲಿ, ನಾನೇನು ಸುಮ್ಮಸುಮ್ಮನೆ ಅಂದೆನಾ, ನನ್ನ ಯಂತ್ರ ಹಾಳು ಮಾಡಿದ, ನಾಳೆ ಜಯಪ್ಪ ಮೇಷ್ಟ್ರು ಇನ್ನೊಬ್ಬರ ಕೈಲಿ ಹಾಕಿಸುತ್ತಾರೆ, ಏನ್ರೀ, ಶರಣಪ್ಪ ಮೇಷ್ಟ್ರು ಮತ್ತೆ ಕಾಗದ ಹಿಡಿದು ಮನೆಮನೆ ಬಾಗಿಲಿಗೆ, ಏನ್ರೀ, ಅದಕ್ಕೆಲ್ಲ ಯಾರು ಹೊಣೆ — ಒಳಗಿಂದ ಅವ್ವ, ಶರಣೂ, ತಿಪ್ಪೇಶಿ ಎಲ್ಲೋ, ಕಾಪಿ ಆಗೈತೆ, ಹೋದ ಅಂದೆ, ಹೋದ್ನಾ, ಹಂಗೇ ಹೋದ್ನಾ, ಬನ್ನಿ ಕೊಟ್ಟು ಹೋಗ್ತೀನಿ ಅಂದಿದ್ನಲ್ಲೋ, ಹೋಳಿಗೆ ತಗಂಡ್ನಾ, ತಗೊಂಡಿಲ್ಲ, ಏನಂದೆ ನೀನು ಅವನಿಗೆ — ನೋಡಿ, ಕಣ್ಣಿದ್ದವರು ಪರದೆ ನೋಡಿ ಕಂಡುಹಿಡೀತಾರೆ, ಅವ್ವ ಗೋಡೆಯ ಆಚೆಯಿಂದಲೇ ಕಂಡುಹಿಡೀತಾಳೆ, ಏನೂ ಅನ್ನಲಿಲ್ಲವ್ವ ಅಂದೆ, ಹಂಗಾರೆ ಆ ಡಬ್ಬಿಗೆ ಇರುವೆ ಮುತ್ಯಾವೇನೋ ನೋಡು, ಬೆಳಿಗ್ಗೆಯಿಂದ ಆ ಕೋಣೆ ತುಂಬ ಅವೇ ಅದಾವೆ.

ಡಬ್ಬಿ, ಸ್ಟೀಲಿಂದು, ಮುಚ್ಚಳ ಗಟ್ಟಿಯಾಗಿದೆ, ಸುತ್ತ ಬೆರಳಾಡಿಸಿದೆ, ಒಂದೂ ಇಲ್ಲ, ಅಡಿಯಲ್ಲಿ ಇಲ್ಲ, ಮೇಲೆ ಇಲ್ಲ, ಬೆಳಗ್ಗೆಯಿಂದ ಅಂದಳಲ್ಲ, ಈ ಡಬ್ಬಿ ಇಟ್ಟದ್ದು ಮಧ್ಯಾಹ್ನ, ಹಾಗಾದರೆ ಇವು ಎಲ್ಲಿಗೆ ಹೋಗುತ್ತಿವೆ, ಮೇಜಿನ ಮೇಲೆ ಅಂಗೈ ಚಪ್ಪಟೆ ಮಾಡಿ ಇಟ್ಟು ಕಾದೆ, ಬಂತು, ಕಿರುಬೆರಳ ಪಕ್ಕ, ಅದರ ಹಿಂದೆ ಇನ್ನೊಂದು, ಸಾಲು, ಡಬ್ಬಿಯ ಕಡೆ ತಿರುಗಲೇ ಇಲ್ಲ, ಕೀಲಿಮಣೆ ದಾಟಿ, ಯಂತ್ರದ ಪಕ್ಕದ ತಗಡು ಹಿಡಿದು ಹಿಂಭಾಗಕ್ಕೆ, ನನ್ನ ಬೆರಳೂ ಅವುಗಳ ಹಿಂದೆ ಹಿಂದೆ, ಬಿಸಿ ಗಾಳಿ ಬಿಡುವ ಜಾಲರಿ, ಅದರ ಕೆಳಗೆ ದಪ್ಪ ವೈರು, ಅಲ್ಲಿ ಇಲ್ಲ, ಸಣ್ಣ ವೈರು, ಸ್ಪೀಕರಿಂದು, ಅದರ ಕೊರಳ ಸುತ್ತ ಹಾರ ಹಾಕಿದಂಗೆ ಗಿಜಿಗಿಜಿ, ಇಲ್ಲಿ, ಇಲ್ಲೇ, ಎಳೆದೆ, ವೈರು ಸಲೀಸಾಗಿ ಬರಬೇಕಾದದ್ದು ಅಂಟಂಟಾಗಿ ಬಂತು, ಬೆರಳ ತುದಿಯಲ್ಲಿ ಏನೋ ಮೆತ್ತಿದೆ, ಮೂಗಿಗೆ ತಂದೆ, ಬೆಲ್ಲ, ಏಲಕ್ಕಿ, ಕಡಲೆಬೇಳೆ, ಹೂರಣ — ಅವ್ವಾ, ಅಂದೆ, ನನ್ನ ದನಿ ಯಾರದೋ ದನಿಯಂಗೆ ಬಂತು, ಅವ್ವಾ ನಿನ್ನೆ ಇದಕ್ಕೆ ಏನಿಟ್ಟೆ, ಎಡೆ ಕಣಪ್ಪ, ಎಲ್ಲಾದಕ್ಕೂ ಮುಂದೆ ಇಟ್ಟೆ, ಕುಡುಗೋಲಿಗೂ ಮಿಷನ್ನಿಗೂ, ಅವು ಉಣ್ಣಾವಲ್ಲ, ಇದು ಮಾತಾಡೋ ಜೀವ, ಬಾಯಿ ನೀನೇ ತೋರ್ಸಿದ್ದಿಯಲ್ಲ, ವೈರು ತೆಗೆದು ಕಾಳಷ್ಟು ಇಟ್ಟೆ, ಮತ್ತೆ ಹೆಂಗಿತ್ತೋ ಹಂಗೇ ಸಿಗಿಸೀನಿ, ಯಾಕಪ್ಪ, ಏನಿಲ್ಲವ್ವ ಅಂದೆ, ಸಿಟ್ಟು ಮಾಡೋಣ ಅಂದರೆ ಸಿಟ್ಟಿಗೆ ಕೈಕಾಲು ಇಲ್ಲ, ಹೊಸ ರಿಲೀಸಿನ ಮೇಲೆ ಮಾಡೋಣವಾ, ಅದು ಬೆಳಗಿನಿಂದ ಚೆನ್ನಾಗೇ ಇದೆ, ಅವ್ವನ ಮೇಲೆ ಮಾಡೋಣವಾ, ಬಾಯಿ ತೋರಿಸಿದವನು ನಾನು, ಅದು ಮಾತಾಡ್ತಾನೇ ಐತೆ ಶರಣು ನಿನಗೆ ಕೇಳಿಸ್ತಿಲ್ಲ ಅಷ್ಟೆ.

ಪೊರಕೆಯಿಂದ ಒಂದು ಕಡ್ಡಿ ಮುರಿದು ತಂದೆ, ತುದಿಗೆ ಹತ್ತಿ ಸುತ್ತಿ ತೂತಿನೊಳಗೆ ತಿರುಗಿಸಿದೆ, ಬಂತು, ಇನ್ನಷ್ಟು ಬಂತು, ಜೊತೆಗೆ ಎರಡು ಸತ್ತ ಇರುವೆ, ವೈರಿನ ತುದಿಯನ್ನ ಪಂಚೆಯಲ್ಲಿ ಒರೆಸಿ ಸಿಗಿಸಿದೆ, ಟಕ್ ಅಂತ ಕೂತಿತು, ಸ್ಪೀಕರಿನಲ್ಲಿ ಸಣ್ಣ ಗುಂಯ್, ಬದುಕಿತು, ಫೋನು ಎಲ್ಲಿ, ಈಗಲೇ ಮಾಡುತ್ತೀನಿ, ಲೇ ತಿಪ್ಪೇಶಿ ಇಳಿಯೋ ಬಸ್ಸಿಂದ, ಗೊಗ್ಗಯ್ಯನಿಗೆ ಅವ್ವ ಹೂರಣ ತಿನ್ನಿಸಿದ್ದಳು ಕಣೋ ಅಂದರೆ ನಗುತ್ತಾನೆ, ನಕ್ಕರೆ ಅವನಿಗೆ ಗೇಟೇ ಇಲ್ಲ, ನಗುವಿಗೆ ಯಾವತ್ತೂ ಗೇಟು ಬಿದ್ದಿಲ್ಲ, ಬರುತ್ತಾನೆ, ಮೊದಲು ಒಂದು ಸಲ ಖಾತ್ರಿ ಮಾಡಿಕೊಳ್ಳೋಣ, ಅವನು ಏನೋ ತೆರೆದಿಟ್ಟು ಹೋಗಿದ್ದಾನಲ್ಲ, ಕಡೆಯಲ್ಲಿ ಟೈಪು ಮಾಡಿದ್ದು, ಮೇಲಿನ ಬಾಣದ ಕೀಲಿ ಒತ್ತಿದೆ, ಗೊಗ್ಗಯ್ಯ ಗಂಟಲು ಸರಿಮಾಡಿಕೊಳ್ಳದೆ, ಬೈಗುಳಕ್ಕೂ ಪ್ರಾರ್ಥನೆಗೂ ಒಂದೇ ಆಗಿರುವ ಆ ದನಿಯಲ್ಲಿ ಓದಿದ — ಮಾ ಮಾ ಮಾತಾಡ್ತಾ ಐತಾ ಅಲ್ಪವಿರಾಮ ತಿ ತಿ ತಿಪ್ಪೇಶಿ ಅಲ್ಪವಿರಾಮ ನಿ ನಿ ನಿನ್ನಂಗೇ ಮಾತಾಡ್ತಾ ಐತಾ ಪ್ರಶ್ನಾರ್ಥಕ ಚಿಹ್ನೆ — ಅಷ್ಟೇ, ಅದರ ಮೇಲೆ ಏನೂ ಇಲ್ಲ, ಕೆಳಗೆ ನಾನು ಗುದ್ದಿದ ಅಕ್ಷರಗಳ ಕಸ ಬಿಟ್ಟರೆ ಏನೂ ಇಲ್ಲ, ಹುಡುಕಿದೆ, ಬೈದಿದ್ದಾನಾ, ಇಲ್ಲ, ಹೆಸರು ಹಾಕಿದ್ದಾನಾ, ಇಲ್ಲ, ನಾನು ಹೇಳಿದ್ದು, ನಾನು ಹೇಳಿದಂಗೆ, ಎಷ್ಟು ಸಲ ತಡೆದೆನೋ ಅಷ್ಟೇ ಸಲ, ಎಲ್ಲಿ ಉಸಿರು ಎಳೆದೆನೋ ಅಲ್ಲಿ ಅಲ್ಪವಿರಾಮ, ಮತ್ತೆ ಒತ್ತಿದೆ, ಮಾ ಮಾ ಮಾತಾಡ್ತಾ ಐತಾ, ಬಸ್ ಸ್ಟಾಂಡ್ ಕಡೆ ಹಾರನ್ನು, ಎರಡು ಗಿಡ್ಡ ಒಂದು ಉದ್ದ, ನಾಲ್ಕೂ ಮುಕ್ಕಾಲಿನದು, ಗೇರು ಬದಲಾಯಿತು, ತಿರುವಿನಲ್ಲಿ ಸದ್ದು ಇಳಿಯಿತು, ಫೋನು ಬಲಗೈಯಲ್ಲಿದೆ, ಒತ್ತಬೇಕು, ಒತ್ತಿದರೆ ಏನನ್ನಲಿ, ಯಾವ ದನಿಯಲ್ಲಿ ಅನ್ನಲಿ, ಜಯಪ್ಪ ಮೇಷ್ಟ್ರದು ಬರುತ್ತೆ, ಶಂಕರಮ್ಮನದು ಬರುತ್ತೆ, ಗೊಗ್ಗಯ್ಯನದು ಬರುತ್ತೆ, ನನ್ನದು, ನನ್ನದು ಅನ್ನೋಣ ಅಂದರೆ ಮೊದಲನೇ ಅಕ್ಷರದ ಹತ್ತಿರ, ತಿ, ತಿ — ಎಡಗೈ ತೋರುಬೆರಳಿನ ಗೆಣ್ಣಿನ ಮೇಲೆ ಇರುವೆ, ಒಂದೇ ಒಂದು, ಏನೋ ಹೊತ್ತಿದೆ, ಮೊದಲಿನದಕ್ಕಿಂತ ಭಾರ, ಊದಲಿಲ್ಲ, ಇಳಿಯುತ್ತಿಲ್ಲ, ನಿಂತಿದೆ, ಗೆಣ್ಣಿನ ಮೇಲೆ, ಇರುವೆ